ಊರಿನ ಚರಿತ್ರೆಯ ಪ್ರಾಜೆಕ್ಟ್ ಮಾಡುವುದು ಹೇಗೆ?

ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಸ್ಥಳೀಯ ಇತಿಹಾಸದ ಮೇಲೆ ಸಿದ್ಧವಾಗುವ ಪ್ರಾಜೆಕ್ಟ್‌ಗಳಲ್ಲಿ ಹಲವು ಶೀರ್ಷಿಕೆಯಲ್ಲೇ ಸೋಲುತ್ತವೆ. ‘ತುಳುನಾಡಿನ ಇತಿಹಾಸ’, ‘ಮಂಗಳೂರಿನ ಬೆಳವಣಿಗೆ’ ಎಂಬಂಥ ವಿಷಯವನ್ನು ಒಂದು ಸೆಮಿಸ್ಟರಿಗೆ ಹೊತ್ತುಕೊಂಡ ವಿದ್ಯಾರ್ಥಿ ತುಳುನಾಡನ್ನು ಆಳಿದ ಪ್ರಾಚೀನ ಅರಸುಮನೆತನವಾದ ಆಳುಪರಿಂದ ಆರಂಭಿಸಿ, ಕೊನೆಗೆ ಬೇರೆಯವರು ಬರೆದಿಟ್ಟದ್ದನ್ನೇ ಮತ್ತೊಮ್ಮೆ ಬರೆದು ಮುಗಿಸುತ್ತಾನೆ. ಆದ್ದರಿಂದ ಮೊದಲ ಕೆಲಸವೆಂದರೆ ವಿಷಯವನ್ನು ಕುಗ್ಗಿಸುವುದು. ನಡೆದು ಹೋಗಿ ನೋಡಬಹುದಾದ ಒಂದು ಜಾಗ, ಅದನ್ನು ನೆನಪಿಟ್ಟುಕೊಂಡಿರುವ ಒಬ್ಬರಾದರೂ ಹಿರಿಯರು, ಅದರ ಬಗ್ಗೆ ಉಳಿದಿರುವ ಒಂದಾದರೂ ಕಾಗದ, ಈ ಮೂರೂ ಇದ್ದಲ್ಲಿ ಮಾತ್ರ ವಿಷಯವನ್ನು ಗಟ್ಟಿಮಾಡಿಕೊಳ್ಳಬೇಕು.

ಉದಾಹರಣೆಗೆ, ನೇತ್ರಾವತಿಯ ದಂಡೆಯಲ್ಲಿ ಮುಚ್ಚಿಹೋಗಿರುವ ಒಂದು ಹಂಚಿನ ಕಾರ್ಖಾನೆಯನ್ನು ತೆಗೆದುಕೊಳ್ಳೋಣ. ‘ಮಂಗಳೂರು ಹಂಚಿನ ಉದ್ಯಮ’ ಎಂಬುದು ವಿಷಯವೇ ಹೊರತು ಪ್ರಶ್ನೆಯಲ್ಲ; ‘ಈ ಕಾರ್ಖಾನೆಯಲ್ಲಿ 1960ರಿಂದ ಬಾಗಿಲು ಹಾಕುವವರೆಗೆ ದುಡಿದವರು ಯಾವ ಯಾವ ಊರುಗಳಿಂದ ಬರುತ್ತಿದ್ದರು, ಮುಚ್ಚಿದ ಮೇಲೆ ಯಾವ ಕೆಲಸಕ್ಕೆ ಹೋದರು’ ಎಂಬುದು ಪ್ರಶ್ನೆ. ಉಡುಪಿಯವರಿಗೆ ಬ್ಯಾಂಕುಗಳಿವೆ. ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ವಿಲೀನಗೊಂಡು ಹಳೆಯ ಫಲಕಗಳು ಇಳಿದಿರುವುದರಿಂದ, ಒಂದು ಗ್ರಾಮೀಣ ಶಾಖೆಯ ಕಥೆಯನ್ನು ಅದರ ನಿವೃತ್ತ ಸಿಬ್ಬಂದಿಯಿಂದ ಕೇಳಿ ದಾಖಲಿಸಲು ಇದು ತಕ್ಕ ಕಾಲ.

ಹೊರಡುವ ಮುನ್ನ ಓದಬೇಕಾದದ್ದು

ಕ್ಷೇತ್ರಕಾರ್ಯಕ್ಕೆ ಮೊದಲು 1894ರ ದಕ್ಷಿಣ ಕನ್ನಡ ಜಿಲ್ಲಾ ಮ್ಯಾನ್ಯುಯಲ್ ಹಾಗೂ 1973ರ ಜಿಲ್ಲಾ ಗೆಜೆಟಿಯರ್ ಎಂಬ ಸರಕಾರಿ ವಿವರಗ್ರಂಥಗಳಲ್ಲಿ ತಮ್ಮ ವಿಷಯಕ್ಕೆ ಸೇರಿದ ಪುಟಗಳನ್ನು ಓದಿಕೊಳ್ಳಬೇಕು. ಆಗ ಒಂದು ಎಚ್ಚರಿಕೆ ಬೇಕು. 1799ರಲ್ಲಿ ಬ್ರಿಟಿಷರ ಕೈಸೇರಿದ ಕೆನರಾ ಮುಂದೆ ಇಬ್ಭಾಗವಾಗಿ, ಉತ್ತರದ ಭಾಗ 1862ರಲ್ಲಿ ಮುಂಬಯಿಗೆ ಸೇರಿತು; ದಕ್ಷಿಣದ ಭಾಗ 1956ರವರೆಗೂ ಮದರಾಸಿನಲ್ಲೇ ಉಳಿಯಿತು. ಹಾಗಾಗಿ ಆ ಕಾಲದ ಸರಕಾರಿ ಕಡತಗಳನ್ನು ಹುಡುಕುವವರು ಬೆಂಗಳೂರಿಗಿಂತ ಮೊದಲು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು ನೆನೆಯಬೇಕು. ಅಲ್ಲದೆ ಕಾಸರಗೋಡು 1956ರವರೆಗೆ ಈ ಜಿಲ್ಲೆಯದೇ ತಾಲ್ಲೂಕು, ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1931ರ ಜನಗಣತಿಯ ಜಿಲ್ಲಾ ಅಂಕಿಯನ್ನು 2011ರ ಅಂಕಿಯ ಪಕ್ಕದಲ್ಲಿಟ್ಟು ಏರಿಕೆ ಇಳಿಕೆ ಹೇಳುವವರು ಎರಡು ಬೇರೆ ಬೇರೆ ಭೂಭಾಗಗಳನ್ನು ಹೋಲಿಸುತ್ತಿರುತ್ತಾರೆ. ಗ್ರಾಮ ಅಥವಾ ತಾಲ್ಲೂಕು ಮಟ್ಟದ ಅಂಕಿಗಳನ್ನೇ ಬಳಸುವುದು, ಅಲ್ಲಿಯೂ ಗಡಿ ಬದಲಾಗಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಮುದ್ರಣಾಲಯವನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದ ಅವರ ಕಾಗದಪತ್ರಗಳ ಒಂದು ಪಾಲು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿದೆ. ಸ್ವಿಟ್ಜರ್ಲೆಂಡಿನಲ್ಲಿರುವ ಮಿಷನ್ನಿನ ಹಳೆಯ ಛಾಯಾಚಿತ್ರಗಳು ಅಂತರ್ಜಾಲದಲ್ಲಿ ನೋಡಲು ಸಿಗುತ್ತವೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವೂ ಹತ್ತಿರದಲ್ಲೇ ಇದೆ. ಇಂಥ ಕಡೆಗಳಿಗೆ ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ, ಮುಂಚಿತವಾಗಿ ತಿಳಿಸಿ ಹೋಗಬೇಕು.

ಗ್ರಂಥಾಲಯಗಳಲ್ಲಿ ಯಾರೂ ಮುಟ್ಟದ ಇನ್ನೊಂದು ಆಕರವೆಂದರೆ ಸ್ಮರಣ ಸಂಚಿಕೆ. ಶಾಲೆಯ ಶತಮಾನೋತ್ಸವಕ್ಕೆ, ದೇವಸ್ಥಾನದ ಬ್ರಹ್ಮಕಲಶಕ್ಕೆ, ಯುವಕ ಮಂಡಲದ ಬೆಳ್ಳಿಹಬ್ಬಕ್ಕೆ ನಮ್ಮ ಜಿಲ್ಲೆಗಳಲ್ಲಿ ಸಂಚಿಕೆ ಬಾರದೆ ಇರುವುದಿಲ್ಲ. ಅದರ ಮುಂದಿನ ಪುಟಗಳಲ್ಲಿರುವ ಗಣ್ಯರ ಶುಭಸಂದೇಶಗಳಿಗಿಂತ ಹಿಂದಿನ ಪುಟಗಳ ಜಾಹೀರಾತುಗಳೇ ಸಂಶೋಧಕನಿಗೆ ಹೆಚ್ಚು ಬೆಲೆಯುಳ್ಳವು: ಆ ವರ್ಷ ಪೇಟೆಯಲ್ಲಿ ಯಾವ ಅಂಗಡಿಗಳಿದ್ದವು, ಯಾರ ಮಾಲಕತ್ವದಲ್ಲಿದ್ದವು, ಊರಿನವರು ಮುಂಬಯಿಯಲ್ಲಿ ಯಾವ ಹೋಟೆಲು ನಡೆಸುತ್ತಿದ್ದರು ಎಂಬುದೆಲ್ಲ ಅಲ್ಲಿ ಅಚ್ಚಾಗಿರುತ್ತದೆ.

ಸ್ಥಳದಲ್ಲಿ ನೋಡುವುದು

ಓದಿನ ಬಳಿಕ ಸ್ಥಳಕ್ಕೆ ಹೋಗಿ ಕೈಯಿಂದಲೇ ಒಂದು ನಕ್ಷೆ ಬರೆಯಬೇಕು. ಹಂಚು ಸುಡುತ್ತಿದ್ದ ಗೂಡು, ಚಿಮಣಿ, ಆವೆಮಣ್ಣು ರಾಶಿ ಹಾಕುತ್ತಿದ್ದ ಅಂಗಳ, ದೋಣಿ ಬಂದು ನಿಲ್ಲುತ್ತಿದ್ದ ಕಡವು ಎಲ್ಲಿದ್ದವೆಂದು ಗುರುತಿಸಿ, ಪ್ರತಿ ಛಾಯಾಚಿತ್ರಕ್ಕೂ ದಿನಾಂಕ, ದಿಕ್ಕು ಬರೆದಿಡಬೇಕು. ಖಾಸಗಿ ಜಾಗವಾದರೆ ಅನುಮತಿ ಕೇಳದೆ ಒಳಗೆ ಕಾಲಿಡಬಾರದು. ಹಂಚಿನ ಬೆನ್ನಿನ ಮೇಲಿನ ಅಚ್ಚನ್ನು ಓದುವಾಗಲೂ ಜಾಗ್ರತೆ ಬೇಕು. ‘1865’ ಎಂಬ ಅಚ್ಚಿದ್ದ ಮಾತ್ರಕ್ಕೆ ಆ ಹಂಚು ಆ ವರ್ಷದ್ದಾಗುವುದಿಲ್ಲ. ಅದು ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭವಾದ ವರ್ಷ. ಮೊದಲ ಮಹಾಯುದ್ಧದ ಬಳಿಕ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಹೋದ ಮೇಲೂ ಅದೇ ವರ್ಷವನ್ನು ಒತ್ತಿದ ಹಂಚುಗಳು ಬಂದಿವೆ. ಹಾಗಾಗಿ ವರ್ಷಕ್ಕಿಂತ ಅದರ ಜೊತೆಗಿರುವ ಸಂಸ್ಥೆಯ ಹೆಸರು ಕಾಲನಿರ್ಣಯಕ್ಕೆ ಹೆಚ್ಚು ನೆರವಾಗುತ್ತದೆ.

ದಾರಿಯಲ್ಲಿ ಶಾಸನ ಸಿಕ್ಕಿದರೆ ಅದಕ್ಕೆ ಸುಣ್ಣ, ಎಣ್ಣೆ, ಚಾಕ್‌ಪುಡಿ ಬಳಿಯಬಾರದು. ಓರೆಬೆಳಕಿನಲ್ಲಿ ಛಾಯಾಚಿತ್ರ ತೆಗೆದು, ಅದರ ಪಾಠ ಈಗಾಗಲೇ ಪ್ರಕಟವಾಗಿದೆಯೇ ಎಂದು ಶಾಸನ ಸಂಪುಟಗಳಲ್ಲಿ ಹುಡುಕಬೇಕು.

ಮಾತು ಕೇಳುವುದು

ಪ್ರಾಜೆಕ್ಟಿನ ಜೀವ ಇರುವುದು ಸಂದರ್ಶನಗಳಲ್ಲಿ. ಹಂಚಿನ ಕಾರ್ಖಾನೆಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ದುಡಿದಿದ್ದಾರೆ. ಆದರೂ ವಿದ್ಯಾರ್ಥಿಗಳು ನೇರವಾಗಿ ಹೋಗುವುದು ಧನಿಗಳ ಅಥವಾ ಯೂನಿಯನ್ ಮುಂದಾಳುಗಳ ಮನೆಗೆ. ಅವರನ್ನೂ ಕೇಳಬೇಕು, ಆದರೆ ಕೆಲಸದವರನ್ನು ಮೊದಲು ಕೇಳಬೇಕು. ‘ಆಗಿನ ಜೀವನ ಹೇಗಿತ್ತು’ ಎಂದು ಕೇಳಿದರೆ ‘ಕಷ್ಟ ಇತ್ತು ಮಗಾ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಅದರ ಬದಲು ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡುತ್ತಿದ್ದರು, ಯಾರ ಜೊತೆ ಬರುತ್ತಿದ್ದರು, ಬಟವಾಡೆ ಯಾವ ದಿನ, ಮಳೆಗಾಲದಲ್ಲಿ ಹಂಚು ಒಣಗಿಸುವುದು ಹೇಗೆ, ಸಣ್ಣ ಮಕ್ಕಳನ್ನು ಎಲ್ಲಿ ಬಿಡುತ್ತಿದ್ದರು ಎಂದು ಕೇಳಬೇಕು. ಮಾತಿನ ನಡುವೆ ಇ.ಎಸ್.ಐ. ಕಾರ್ಡು, ಪಿ.ಎಫ್. ಚೀಟಿಗಳೇನಾದರೂ ಉಳಿದಿವೆಯೇ ಎಂದು ವಿಚಾರಿಸಿದರೆ, ಯಾವ ಪತ್ರಾಗಾರದಲ್ಲೂ ಇಲ್ಲದ ದಾಖಲೆ ಅಕ್ಕಿಡಬ್ಬದ ಹಿಂದಿನಿಂದ ಹೊರಬರುವುದುಂಟು.

ಹಿರಿಯರಿಗೆ ಇಸವಿ ನೆನಪಿರದಿರುವುದು ಸಹಜ. ಆಗ 1974 ಒಳ್ಳೆಯ ಗೂಟ. ನೇತ್ರಾವತಿಗೆ ದೊಡ್ಡ ನೆರೆ ಬಂದದ್ದು ಆ ವರ್ಷ. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಒಕ್ಕಲುಗಳು ತಾವು ಉಳುವ ಭೂಮಿಯ ಹಕ್ಕು ಕೋರಿ ‘ಡಿಕ್ಲರೇಶನ್’ ಎಂಬ ಅರ್ಜಿ ಹಾಕತೊಡಗಿದ್ದೂ ಆ ಹೊತ್ತಿನಲ್ಲೇ. ‘ನೀವು ಕೆಲಸಕ್ಕೆ ಸೇರಿದ್ದು ನೆರೆಗೆ ಮೊದಲೋ ಆಮೇಲೋ, ಡಿಕ್ಲರೇಶನ್ ಹಾಕುವಾಗ ದೊಡ್ಡ ಮಗಳು ಹುಟ್ಟಿದ್ದಳೇ’ ಎಂದು ಕೇಳುತ್ತ ಹೋದರೆ ಒಂದೆರಡು ವರ್ಷದ ಅಂತರದಲ್ಲಿ ಕಾಲ ಸಿಗುತ್ತದೆ.

ಧ್ವನಿಮುದ್ರಣಕ್ಕೆ ಮುನ್ನ ಒಪ್ಪಿಗೆ ಪಡೆದು, ಹೆಸರು ಹಾಕಬಹುದೇ ಎಂದು ಬೇರೆಯಾಗಿ ಕೇಳಬೇಕು. ತುಳು, ಕೊಂಕಣಿ, ಬ್ಯಾರಿ, ಯಾವುದರಲ್ಲಿ ಹೇಳಿದರೋ ಅದರಲ್ಲೇ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡು ಅನಂತರ ಕನ್ನಡಕ್ಕೆ ತರಬೇಕು.

ತಾಳೆ ನೋಡಿ ಬರೆಯುವುದು

ಕಾಗದ ಒಂದು ಹೇಳಿ ಬಾಯಿ ಇನ್ನೊಂದು ಹೇಳಿದಾಗ ಕಾಗದವೇ ಸರಿ ಎಂದು ತೀರ್ಮಾನಿಸಬಾರದು. ಹಾಜರಿ ಪುಸ್ತಕದಲ್ಲಿ ಬದಲಿ ಕೆಲಸದವರ ಹೆಸರೇ ಇಲ್ಲದಿರಬಹುದು. ಎರಡನ್ನೂ ಬರೆದು, ತಮಗೆ ಯಾವುದು ಹೆಚ್ಚು ನಂಬಬಹುದೆನಿಸಿತು, ಏಕೆ ಎಂಬುದನ್ನು ಹೇಳಿದರೆ ಸಾಕು. ದೈವದ ಕಥೆ ಹೇಳುವ ತುಳು ಹಾಡುಗಳಾದ ಪಾಡ್ದನ, ಸ್ಥಳಪುರಾಣಗಳನ್ನು ಬಳಸುವುದಾದರೆ ಅವುಗಳಿಂದ ಇಸವಿ ಹಿಂಡಲು ಹೋಗದೆ, ಜನ ತಮ್ಮ ಊರಿನ ಬಗ್ಗೆ ಏನು ನಂಬಿದ್ದಾರೆಂಬುದಕ್ಕೆ ಸಾಕ್ಷಿಯಾಗಿ ಬಳಸಬೇಕು.

ಬರವಣಿಗೆ ಮುಗಿದ ಮೇಲೆ ಮಾತಾಡಿದವರಿಗೆ ಅವರ ಭಾಗವನ್ನು ಓದಿ ಹೇಳಿ, ಬೇಡವೆಂದದ್ದನ್ನು ತೆಗೆದು, ಒಂದು ಪ್ರತಿಯನ್ನು ಕಾಲೇಜಿಗೂ ಇನ್ನೊಂದನ್ನು ಆ ಊರಿನ ಪಂಚಾಯತ್ ಗ್ರಂಥಾಲಯಕ್ಕೂ ಕೊಡಬೇಕು. ಧ್ವನಿಮುದ್ರಣಗಳನ್ನು ಮೊಬೈಲಿನಲ್ಲೇ ಬಿಡದೆ, ಒಪ್ಪಿಗೆ ಪತ್ರಗಳ ಜೊತೆ ವಿಭಾಗದ ಸುಪರ್ದಿಗೆ ಒಪ್ಪಿಸಬೇಕು.