50 ವ್ಯಾಟ್, 30 ಮೀಟರ್, ಸುದ್ದಿ ಮಾತ್ರ ಇಲ್ಲ

ಗಾಳಿಯಲೆಗಳು, ಅಂದರೆ ರೇಡಿಯೊ ತರಂಗಗಳು, ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸರ್ಕಾರ ಸಮುದಾಯ ಬಾನುಲಿಗೆ (ಊರಿನವರಿಗಾಗಿ ನಡೆಸುವ ಸಣ್ಣ ಎಫ್‌ಎಂ ಕೇಂದ್ರ) ಮೊದಲು ವಿದ್ಯಾಸಂಸ್ಥೆಗಳಿಗೆ ಲೈಸೆನ್ಸ್ ಕೊಟ್ಟು, ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆಯುವ ಹೊತ್ತಿಗೆ 2006 ಆಗಿತ್ತು. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಅಷ್ಟರೊಳಗೇ ಕೇಬಲ್ ತಂತಿಯ ಮೂಲಕ ಮನೆಮನೆಗೆ ಮಾತು ಮುಟ್ಟಿಸುತ್ತಿತ್ತು. ಈಗ ಸಮುದಾಯ ಬಾನುಲಿ ಕಟ್ಟುವವರಿಗೆ ನಾವು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಟ್ರಾನ್ಸ್‌ಮಿಟರ್ 50 ವ್ಯಾಟ್, ಆಂಟೆನಾ ನೆಲದಿಂದ 30 ಮೀಟರ್ ಒಳಗೆ. ಬಯಲಾದರೆ 10ರಿಂದ 15 ಕಿಲೋಮೀಟರ್ ಕೇಳುತ್ತದೆ. ನಡುವೆ ಗುಡ್ಡವಿದ್ದರೆ ಆಚೆ ಊರನ್ನು ಮರೆತುಬಿಡಿ. ಶಕ್ತಿ ಸೋರುವುದು ಹೆಚ್ಚಾಗಿ ಟ್ರಾನ್ಸ್‌ಮಿಟರ್‌ನಿಂದ ಆಂಟೆನಾಕ್ಕೆ ಹೋಗುವ ಕೇಬಲ್‌ನಲ್ಲಿ. ಆರ್‌ಜಿ-213 ಎಂಬ ಬಗೆಯ ಕೇಬಲ್ 40 ಮೀಟರ್ ಎಳೆದರೆ 50 ವ್ಯಾಟ್‌ನಲ್ಲಿ ಆಂಟೆನಾ ಮುಟ್ಟುವುದು 27ರ ಆಸುಪಾಸು. ಅರ್ಧ ಇಂಚಿನ ಫೋಮ್ ಕೇಬಲ್ ಹಾಕಿದರೆ 40 ದಾಟುತ್ತದೆ. ಸ್ಟುಡಿಯೊದಲ್ಲಿ ಧ್ವನಿ ಬೆರೆಸುವ ಮಿಕ್ಸರ್‌ಗೆ ಖರ್ಚು ಮಾಡುವ ಹಣವನ್ನು ಇಲ್ಲಿ ಹಾಕಿ ಎಂಬುದು ನನ್ನ ಸಲಹೆ.

ಆಂಟೆನಾ ಹತ್ತಿರದ ಕನೆಕ್ಟರ್‌ಗೆ ರಬ್ಬರ್ ಸೀಲಿಂಗ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಮೇಲಿನ ಸುತ್ತು ಕೆಳಗಿನದರ ಮೇಲೆ ಬರುವಂತೆ. ಕೇಬಲ್ ಕೋಣೆಯೊಳಗೆ ನುಗ್ಗುವ ಜಾಗದಲ್ಲಿ ಒಂದು ತಗ್ಗು ಬಳುಕು ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ. ನೀರು ಒಳಹೊಕ್ಕರೆ ಆಂಟೆನಾ ಕಡೆಯಿಂದ ಟ್ರಾನ್ಸ್‌ಮಿಟರ್‌ಗೆ ಹಿಂದಿರುಗುವ ಶಕ್ತಿ ಏರುತ್ತದೆ, ಟ್ರಾನ್ಸ್‌ಮಿಟರ್ ತಾನಾಗಿ ಔಟ್‌ಪುಟ್ ಇಳಿಸಿಕೊಳ್ಳುತ್ತದೆ. ಸ್ಟುಡಿಯೊದಲ್ಲಿ ಎಲ್ಲ ಸರಿಯಾಗಿಯೇ ಕೇಳುತ್ತಿರುತ್ತದೆ, ಅಂಚಿನ ಹಳ್ಳಿಗಳಲ್ಲಿ ಮಾತ್ರ ಗೊರಗೊರ. ಆದ್ದರಿಂದ ಬೆಳಿಗ್ಗೆ ಮೊದಲು ಮೀಟರ್ ಓದಿ ಪುಸ್ತಕದಲ್ಲಿ ಬರೆಯುವುದು: 50ಕ್ಕೆ 2 ವ್ಯಾಟ್ ಮರಳುತ್ತಿದ್ದರೆ ತೊಂದರೆಯಿಲ್ಲ, 5 ಆದರೆ ಗೋಪುರ ಹತ್ತಲೇಬೇಕು.

ಗೋಪುರದ ಅರ್ತಿಂಗ್, ಸ್ಟುಡಿಯೊ ಅರ್ತಿಂಗ್ ಎರಡನ್ನೂ ದಪ್ಪ ತಾಮ್ರದ ಪಟ್ಟಿಯಿಂದ ಜೋಡಿಸಿ. ಬೇರೆಬೇರೆ ಬಿಟ್ಟರೆ ಸಿಡಿಲಿನ ಹೊತ್ತಿಗೆ ಎರಡರ ನಡುವಿನ ವೋಲ್ಟೇಜ್‌ನಿಂದ ಕರೆಂಟ್ ಕೇಬಲ್‌ನ ಹೊರ ಕವಚದಲ್ಲೇ ಹರಿದು ಮಿಕ್ಸರ್‌ವರೆಗೆ ಸುಡುತ್ತದೆ. ಹೊಸ ಟ್ರಾನ್ಸ್‌ಮಿಟರ್‌ನಲ್ಲಿ ಪ್ರಿ-ಎಂಫಸಿಸ್ (ಕಳುಹಿಸುವಾಗ ತೀಕ್ಷ್ಣ ಸ್ವರಗಳನ್ನು ಎತ್ತುವ ಹೊಂದಿಕೆ) 50 ಮೈಕ್ರೊಸೆಕೆಂಡ್ ಇದೆಯೇ ನೋಡಿ. ಅಮೆರಿಕದ 75ಕ್ಕೆ ಹಾಕಿಯೇ ಕಳುಹಿಸಿದ್ದರೆ ‘ಸ’, ‘ಶ’ ಕಿವಿ ಚುಚ್ಚುತ್ತವೆ.

ಇಷ್ಟೆಲ್ಲ ದುಡ್ಡು, ಸ್ಪ್ಯಾನರ್ ಇದ್ದರೆ ಆಗುವ ಕೆಲಸ. ಕಗ್ಗಂಟಾಗುವುದು ಸುದ್ದಿ. ಅದೇ ಊರಿನ ಪತ್ರಿಕೆ, ಟಿವಿ ಚಾನೆಲ್, ಯೂಟ್ಯೂಬ್ ಹುಡುಗ ಯಾರು ಬೇಕಾದರೂ ಸುದ್ದಿ ಹೇಳಬಹುದು; ಸಮುದಾಯ ಬಾನುಲಿಗೆ ಆಕಾಶವಾಣಿಯ ವಾರ್ತೆಯನ್ನು ತಿದ್ದದೆ ಕೊಡಲು ಮಾತ್ರ ಅನುಮತಿ. ಇದಕ್ಕೆ ಒಪ್ಪುವಂಥ ಕಾರಣ ನನಗೆ ಕಂಡಿಲ್ಲ. ಹವಾಮಾನ, ಪರೀಕ್ಷೆ, ಉದ್ಯೋಗ, ಜಾತ್ರೆ ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ. ನೀರು, ಕರೆಂಟ್, ಪ್ರವಾಹದ ಪ್ರಕಟಣೆಗಳೂ ಬರುವುದಿಲ್ಲ, ಆದರೆ ಅವು ಸ್ಥಳೀಯ ಆಡಳಿತ ಒದಗಿಸಿದವಾಗಿರಬೇಕು. ನಲ್ಲಿ ಬರುತ್ತದೆ ಎಂದು ಆಡಳಿತ ಹೇಳಿದರೆ ಪ್ರಕಟಣೆ, ಬಂದಿಲ್ಲ ಎಂದು ಹೆಂಗಸರು ಹೇಳಿದರೆ?

ಅಲ್ಲಿ ನಮ್ಮ ದಾರಿ ಹೀಗೆ. ‘ನಿನ್ನೆ ಇಂಥ ಬೀದಿಯಲ್ಲಿ ನೀರಿಲ್ಲ, ಅಧ್ಯಕ್ಷರು ಹೊಣೆ’ ಎನ್ನುವುದಿಲ್ಲ. ಮಾಹಿತಿ ಹಕ್ಕು ಅರ್ಜಿ ಬರೆಯುವುದು ಹೇಗೆ ಎಂಬ ಕಾರ್ಯಕ್ರಮ ಮಾಡುತ್ತೇವೆ: 10 ರೂಪಾಯಿ ಶುಲ್ಕ, ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, 30 ದಿನದೊಳಗೆ ಉತ್ತರ. ಉದಾಹರಣೆಗೆ ಓದುವ ಅರ್ಜಿ ಬೋರ್‌ವೆಲ್ ದುರಸ್ತಿಯ ಖರ್ಚಿನದ್ದು. ಬೀದಿಯ ಹೆಂಗಸರ ಪ್ರಶ್ನೆಗಳನ್ನು ಮೊದಲೇ ರೆಕಾರ್ಡ್ ಮಾಡಿ ಎಂಜಿನಿಯರ್ ಮುಂದೆ ಕೇಳಿಸಿ, ಅವರ ಉತ್ತರ ಸೇರಿಸಿ ಬಿತ್ತರಿಸುವುದು. ಬರಲೊಪ್ಪದಿದ್ದರೆ ಪ್ರಶ್ನೆಗಳನ್ನು ಲಿಖಿತವಾಗಿ ಕಚೇರಿಗೆ ಕೊಟ್ಟು ಮುದ್ರೆ ಹಾಕಿದ ಸ್ವೀಕೃತಿ ಇಟ್ಟುಕೊಳ್ಳಿ. ನೇರ ಫೋನ್-ಇನ್ ಚುನಾವಣೆ ಹತ್ತಿರದಲ್ಲಿ ಬೇಡ; ಕರೆ ಮಾಡಿದವರು ಒಂದು ಪಕ್ಷದ ಹೆಸರೆತ್ತಿದರೂ ನೋಟಿಸ್ ಬರುವುದು ಬಾನುಲಿ ಕೇಂದ್ರಕ್ಕೆ.

ಬಿತ್ತರಿಸಿದ್ದೆಲ್ಲದರ ಧ್ವನಿಮುದ್ರಣವನ್ನು ಮೂರು ತಿಂಗಳು ಇಡಬೇಕೆಂಬ ನಿಯಮ ಹೊರೆಯಲ್ಲ, ಗುರಾಣಿ. 64 ಕೆಬಿಪಿಎಸ್ ಮೊನೊ ಎಂಪಿ3 ಗಂಟೆಗೆ ಸುಮಾರು 29 ಎಂಬಿ; ದಿನಕ್ಕೆ 8 ಗಂಟೆಯಂತೆ 90 ದಿನಕ್ಕೆ 21 ಜಿಬಿ, ಒಂದು ಪೆನ್‌ಡ್ರೈವ್ ಸಾಕು. ಧ್ವನಿಮುದ್ರಿಸುವ ಕಂಪ್ಯೂಟರ್‌ಗೆ ಶಬ್ದವನ್ನು ಮಿಕ್ಸರ್‌ನಿಂದ ಕೊಡಬೇಡಿ, ಸಾಮಾನ್ಯ ಎಫ್‌ಎಂ ರೇಡಿಯೊ ಒಂದರಿಂದ ಕೊಡಿ. ಮಿಕ್ಸರ್ ದಾಟಿದ್ದೆಲ್ಲ ಗಾಳಿಗೆ ಹೋಗಿರುವುದಿಲ್ಲ, ದೂರು ಬಂದಾಗ ಕೇಳುವುದು ಗಾಳಿಗೆ ಹೋದದ್ದನ್ನು.