ಮ್ಯೂನಿಕ್‌ಗೆ ಬರುವ ಕನ್ನಡಿಗರಿಗೆ: ಮೊದಲು ವಿಳಾಸ, ಆಮೇಲೆ ಮಿಕ್ಕಿದ್ದು

ಕೆಲಸ ಸಿಕ್ಕಿದೆ, ವೀಸಾ ಆಗಿದೆ, ಟಿಕೆಟ್ಟೂ ಬುಕ್ ಆಗಿದೆ. ಇಷ್ಟಾದ ಮೇಲೆ ಹೊಸಬರು ನಮ್ಮನ್ನು ಕೇಳುವುದು ಹೆಚ್ಚಾಗಿ ಚಳಿಯ ಬಗ್ಗೆ, ಊಟದ ಬಗ್ಗೆ. ಇವೆರಡಕ್ಕೂ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ದಪ್ಪ ಜಾಕೆಟ್ಟನ್ನು ಇಲ್ಲೇ ಬಂದು ತಗೊಳ್ಳಿ. ಸೋನಾ ಮಸೂರಿ, ತೊಗರಿಬೇಳೆ, ಹುಣಸೆಹಣ್ಣು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ. ನೀವು ಮೊದಲು ಯೋಚಿಸಬೇಕಾದದ್ದು ವಿಳಾಸದ ಬಗ್ಗೆ. ಜರ್ಮನಿಯಲ್ಲಿ ಉಳಿದ ಕೆಲಸಗಳೆಲ್ಲ ಶುರುವಾಗುವುದೇ ಅಲ್ಲಿಂದ.

ಮನೆಗೆ ಬಂದು ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ನಿಮ್ಮ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಾದ ಮೇಲೆ ನಿಮ್ಮ ತೆರಿಗೆ ನಂಬರು ಅಂಚೆಯಲ್ಲಿ ಬರುತ್ತದೆ. ಆ ನಂಬರು ಕಂಪನಿಗೆ ಸಿಗುವವರೆಗೆ ನಿಮ್ಮನ್ನು ಆರನೇ ತೆರಿಗೆ ವರ್ಗದಲ್ಲಿ ಇಡುತ್ತಾರೆ, ಅಂದರೆ ಎಲ್ಲಕ್ಕಿಂತ ಜಾಸ್ತಿ ತೆರಿಗೆ ಕಡಿಯುವ ವರ್ಗ. ಆ ಹಣ ಆಮೇಲೆ ಸರಿಹೋಗುತ್ತದೆ, ನಿಜ. ಆದರೆ ಮನೆಗೆ ಅಡ್ವಾನ್ಸ್ ಕೊಟ್ಟು ಕೈ ಖಾಲಿಯಾಗಿರುವ ತಿಂಗಳಲ್ಲೇ ಸಂಬಳ ಕಮ್ಮಿ ಬಂದರೆ ಕಷ್ಟ, ಅಲ್ವಾ?

ನೋಂದಣಿಗೆ ಮನೆ ಮಾಲೀಕರು ಸಹಿ ಹಾಕಿದ ಒಂದು ಪತ್ರ ಬೇಕೇ ಬೇಕು. ತಾತ್ಕಾಲಿಕವಾಗಿ ಬಾಡಿಗೆಗೆ ಕೊಡುವ ಎಷ್ಟೋ ಜನ ಅದನ್ನು ಕೊಡುವುದಿಲ್ಲ. ಹಾಗಾಗಿ ಮೊದಲ ತಿಂಗಳಿಗೆ ರೂಮು ಹುಡುಕುವಾಗ ಬಾಡಿಗೆ ಎಷ್ಟು ಅಂತ ಕೇಳುವ ಮುಂಚೆ "ಆನ್‌ಮೆಲ್ಡುಂಗ್ ಮಾಡಿಸಬಹುದಾ?" ಅಂತ ಕೇಳಿ. ಇಲ್ಲ ಅಂದರೆ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಒಪ್ಪಿಕೊಳ್ಳಿ. ಮ್ಯೂನಿಕ್‌ನಲ್ಲಿ ಕಚೇರಿಯ ಅಪಾಯಿಂಟ್‌ಮೆಂಟ್ ಬೇಗ ಸಿಗದೇ ಇರಬಹುದು, ಅದಕ್ಕೆ ಊರಲ್ಲಿ ಇರುವಾಗಲೇ ವೆಬ್‌ಸೈಟ್ ನೋಡುತ್ತಾ ಇರಿ.

ಇನ್ನೊಂದು ಚಿಕ್ಕ ವಿಷಯ. ಯಾರೂ ಹೇಳುವುದಿಲ್ಲ, ಆದರೆ ತುಂಬಾ ಮುಖ್ಯ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಇರಬೇಕು. ಇಲ್ಲಿನ ಅಪಾರ್ಟ್‌ಮೆಂಟುಗಳಿಗೆ ಮನೆ ನಂಬರು ಇರುವುದು ಅಪರೂಪ. ಕಟ್ಟಡದ ಬಾಗಿಲಲ್ಲಿ ಬೆಲ್ಲುಗಳ ಸಾಲು, ಡಬ್ಬಿಗಳ ಸಾಲು, ಪ್ರತಿಯೊಂದರ ಮೇಲೂ ಒಂದು ಹೆಸರು. ನಿಮ್ಮ ಹೆಸರು ಕಾಣದಿದ್ದರೆ ಪೋಸ್ಟ್‌ಮನ್ ಪತ್ರ ವಾಪಸ್ ಕಳಿಸುತ್ತಾನೆ. ತೆರಿಗೆ ನಂಬರು, ಬ್ಯಾಂಕಿನ ಪಿನ್, ವಿಮೆಯ ಕಾರ್ಡು ಎಲ್ಲ ಬರುವುದು ಆ ಡಬ್ಬಿಗೇ. ಕೀ ಕೈಗೆ ಬಂದ ದಿನವೇ ಒಂದು ಚೀಟಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ಬರೆದು ಅಂಟಿಸಿ. ನಮ್ಮಲ್ಲಿ ಗಂಡ ಹೆಂಡತಿಯ ಕೊನೆಯ ಹೆಸರು ಬೇರೆ ಬೇರೆ ಇರುವುದು ಸಾಮಾನ್ಯ, ಹಾಗಾಗಿ ಇಬ್ಬರದೂ ಬರೆಯಿರಿ.

ಮನೆ ಹುಡುಕುವಾಗ

ಜರ್ಮನಿಯಲ್ಲೇ ಬಾಡಿಗೆ ಅತಿ ಜಾಸ್ತಿ ಇರುವ ಊರು ಮ್ಯೂನಿಕ್. ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತದೆ. ಕಾಲ್ಟ್‌ಮೀಟೆ ಅಂದರೆ ಬರೀ ಮನೆಯದ್ದು. ವಾರ್ಮ್‌ಮೀಟೆ ಅಂದರೆ ಅದಕ್ಕೆ ಮನೆ ಬೆಚ್ಚಗಿಡುವ ಹೀಟರ್ ಖರ್ಚು, ನೀರು, ಕಸ, ಕಟ್ಟಡದ ನಿರ್ವಹಣೆಯ ಮುಂಗಡ ಎಲ್ಲ ಸೇರಿ. ಕರೆಂಟು, ಇಂಟರ್ನೆಟ್ಟು ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ. ಆ ಮುಂಗಡಕ್ಕೆ ವರ್ಷಕ್ಕೊಮ್ಮೆ ಲೆಕ್ಕ ಬರುತ್ತದೆ. ಹೀಟರ್ ಜಾಸ್ತಿ ಹಾಕಿದ್ದರೆ ಮೇಲೆ ಕಟ್ಟಬೇಕಾಗುತ್ತದೆ.

ಬೆಂಗಳೂರಿನ ಹಾಗೆ ಇಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವಂತಿಲ್ಲ. ಕಾನೂನಿನ ಪ್ರಕಾರ ಡೆಪಾಸಿಟ್ ಮೂರು ತಿಂಗಳ ಕಾಲ್ಟ್‌ಮೀಟೆ ದಾಟುವ ಹಾಗಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಆದರೂ ಮೊದಲ ಬಾಡಿಗೆ, ಮೊದಲ ಕಂತು, ಸಾಮಾನು ಎಲ್ಲ ಸೇರಿದರೆ ದೊಡ್ಡ ಮೊತ್ತ. ಮೊದಲ ಸಂಬಳ ಬರುವುದು ತಿಂಗಳ ಕೊನೆಗೆ. ಅಲ್ಲಿಯವರೆಗೆ ನಡೆಸುವಷ್ಟು ಹಣ ಕೈಯಲ್ಲಿ ಇಟ್ಟುಕೊಂಡೇ ಬನ್ನಿ.

ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ನಾಲ್ಕು ಗೋಡೆ, ಒಂದು ನಲ್ಲಿಯ ಪೈಪು, ಅಷ್ಟೇ. ಸಿಂಕೂ ಇಲ್ಲ, ಒಲೆಯೂ ಇಲ್ಲ. ಹಿಂದಿನ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ಬಿಚ್ಚಿಕೊಂಡು ಹೋಗಿರುತ್ತಾರೆ. ಇಲ್ಲವೇ ನಿಮಗೇ ಮಾರುತ್ತಾರೆ. ಮೊದಲ ಮನೆಗೆ ಅಡುಗೆಮನೆ ಜೋಡಿಸಿರುವುದನ್ನೇ ಹುಡುಕಿ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಮೋಸದ ಬಗ್ಗೆ ಒತ್ತಿ ಹೇಳಬೇಕು. ಚೆಂದದ ಫೋಟೋ, ಕಮ್ಮಿ ಬಾಡಿಗೆ, "ನಾನು ಈಗ ಬೇರೆ ದೇಶದಲ್ಲಿ ಇದ್ದೇನೆ, ಡೆಪಾಸಿಟ್ ಕಳಿಸಿ, ಕೀ ಕೊರಿಯರ್ ಮಾಡುತ್ತೇನೆ" ಅನ್ನುವ ಮಾತು. ಇದು ಹಳೆಯ ಆಟ, ಇವತ್ತಿಗೂ ನಡೆಯುತ್ತಿದೆ. ಮನೆ ನೋಡದೆ ಒಂದು ಯೂರೋ ಕೂಡ ಕಳಿಸಬೇಡಿ. ನೀವು ಊರಲ್ಲೇ ಇದ್ದರೆ ಇಲ್ಲಿನ ಕನ್ನಡದವರನ್ನು ಯಾರನ್ನಾದರೂ ಕೇಳಿ, ಹೋಗಿ ನೋಡಿ ಬರುತ್ತಾರೆ. ಕೇಳೋಕೆ ಸಂಕೋಚ ಪಡಬೇಡಿ. ನಮಗೂ ಯಾರೋ ಹಾಗೆ ನೋಡಿ ಬಂದವರೇ.

ಮನೆಗೆ ಸೇರುವ ದಿನ ಮಾಲೀಕರ ಜೊತೆ ನಿಂತು ಗೋಡೆಯ ಗೀರು, ನೆಲದ ಕಲೆ, ಮೀಟರ್ ರೀಡಿಂಗ್ ಎಲ್ಲ ಬರೆಸಿ ಸಹಿ ಹಾಕಿಸಿಕೊಳ್ಳಿ, ಫೋಟೋ ತೆಗೆದಿಡಿ. ಆಮೇಲೆ ಗಾಳಿ. ನಮ್ಮ ಅಡುಗೆಯಲ್ಲಿ ಕುಕ್ಕರಿನ ಹಬೆ ಜಾಸ್ತಿ, ಒಗ್ಗರಣೆ ಜಾಸ್ತಿ. ಚಳಿ ಅಂತ ಕಿಟಕಿ ಮುಚ್ಚಿ, ಒಳಗೇ ಬಟ್ಟೆ ಒಣಗಿಸಿದರೆ ಜನವರಿ ಹೊತ್ತಿಗೆ ಬೀರುವಿನ ಹಿಂದೆ, ಕಿಟಕಿಯ ಮೂಲೆಯಲ್ಲಿ ಕಪ್ಪಗೆ ಬೂಷ್ಟು ಹಿಡಿಯುತ್ತದೆ. ಮಾಲೀಕರು ಅದರ ಖರ್ಚನ್ನು ನಿಮ್ಮ ಡೆಪಾಸಿಟ್ಟಿನಲ್ಲಿ ಹಿಡಿಯಬಹುದು. ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆಯಿರಿ. ಇಡೀ ದಿನ ಸ್ವಲ್ಪವೇ ಓರೆಯಾಗಿ ತೆರೆದಿಟ್ಟರೆ ಗೋಡೆ ತಣ್ಣಗಾಗುತ್ತದೆ, ಉಪಯೋಗ ಇಲ್ಲ.

ಊರು ಬಿಡುವ ಮುಂಚೆ

ಕಾಗದಗಳಲ್ಲಿ ಹೆಸರು ಒಂದೇ ಥರ ಇರಲಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ತಂದೆಯ ಹೆಸರು, ಮತ್ತೊಂದು ಕಡೆ ಊರಿನ ಹೆಸರು. ಇದು ನಮಗೆ ಸಹಜ, ಇಲ್ಲಿನ ಗುಮಾಸ್ತರಿಗೆ ಮೂವರು ಬೇರೆ ಬೇರೆ ಜನ. ಪಾಸ್‌ಪೋರ್ಟು, ಡಿಗ್ರಿ, ಮದುವೆ ಸರ್ಟಿಫಿಕೇಟು, ಮಕ್ಕಳ ಜನನ ಪತ್ರ ಎಲ್ಲವನ್ನೂ ಪಕ್ಕದಲ್ಲಿಟ್ಟು ಒಮ್ಮೆ ನೋಡಿ. ಮದುವೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿರಲಿ, ಛತ್ರದ ರಸೀದಿ ಸಾಲುವುದಿಲ್ಲ. ಜನನ ಪತ್ರ ಬರೀ ಕನ್ನಡದಲ್ಲಿದ್ದರೆ ಇಂಗ್ಲಿಷ್ ಇರುವ ಪ್ರತಿಯನ್ನು ಮಾಡಿಸಿಕೊಳ್ಳಿ. ಕನ್ನಡದಿಂದ ನೇರ ಜರ್ಮನ್‌ಗೆ ಅನುವಾದ ಮಾಡುವ ಅಧಿಕೃತ ಅನುವಾದಕರು ಸುಲಭಕ್ಕೆ ಸಿಗುವುದಿಲ್ಲ.

ಆಧಾರ್‌ಗೂ ಬ್ಯಾಂಕಿಗೂ ಕೊಟ್ಟಿರುವ ಮೊಬೈಲ್ ನಂಬರನ್ನು ಬಿಡಬೇಡಿ. ರೋಮಿಂಗ್ ಆನ್ ಮಾಡಿಸಿ, ಕಮ್ಮಿ ಪ್ಲಾನಿನಲ್ಲಿ ಜೀವಂತವಾಗಿಡಿ. ಓಟಿಪಿ ಬರದಿದ್ದರೆ ಅಪ್ಪನ ಆಸ್ಪತ್ರೆ ಬಿಲ್ಲನ್ನೂ ಇಲ್ಲಿಂದ ಕಟ್ಟೋಕಾಗಲ್ಲ.

ಹೊರದೇಶಕ್ಕೆ ವಾಸಕ್ಕೆ ಹೋದ ಮೇಲೆ ಊರಿನ ಮಾಮೂಲಿ ಉಳಿತಾಯ ಖಾತೆ ಹಾಗೇ ಮುಂದುವರಿಸುವಂತಿಲ್ಲ, ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳು ಭಾರತದ ಆದಾಯ ಇಡುವ ಖಾತೆಯಾಗಿ ಬದಲಾಯಿಸಬೇಕು. ಇಲ್ಲಿಂದ ದುಡ್ಡು ಕಳಿಸಿ ಇಡುವುದಕ್ಕೆ ಎನ್‌ಆರ್‌ಇ ಖಾತೆ ಬೇರೆ ತೆರೆಯಿರಿ. ಹಳೆಯ ಪಿಪಿಎಫ್ ಅವಧಿ ಮುಗಿಯುವವರೆಗೆ ನಡೆಸಬಹುದು, ಹೊಸದು ತೆರೆಯೋಕೆ ಆಗಲ್ಲ. ಅನಿವಾಸಿಗಳು ಕೃಷಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದು ಇಟ್ಟುಕೊಳ್ಳಬಹುದು. ಊರಲ್ಲಿ ಸೈಟು, ಮನೆ, ತೋಟದ ವ್ಯವಹಾರ ಬಾಕಿ ಇದ್ದರೆ ನಂಬಿಕಸ್ತರಿಗೆ ಪವರ್ ಆಫ್ ಅಟಾರ್ನಿ ಬರೆದು ನೋಂದಾಯಿಸಿಯೇ ಹೊರಡಿ. ಇಲ್ಲಿಗೆ ಬಂದ ಮೇಲೆ ಅದಕ್ಕೇ ಕಾನ್ಸುಲೇಟಿಗೆ ಅಲೆಯಬೇಕಾಗುತ್ತದೆ. ಬಾಡಿಗೆ ಆದಾಯ ಇದ್ದರೆ ಎರಡೂ ದೇಶದ ತೆರಿಗೆ ಗೊತ್ತಿರುವ ಒಬ್ಬರನ್ನು ಕೇಳಿ. ಜರ್ಮನಿ ನಿವಾಸಿಗಳ ಎಲ್ಲ ದೇಶದ ಆದಾಯವನ್ನೂ ನೋಡುತ್ತದೆ.

ಸೂಟ್‌ಕೇಸಿನಲ್ಲಿ

ಹಾಲಿನ ಪದಾರ್ಥ, ಮಾಂಸ ಯುರೋಪಿಯನ್ ಒಕ್ಕೂಟಕ್ಕೆ ತರುವಂತಿಲ್ಲ. ಅಂದರೆ ಧಾರವಾಡ ಪೇಡ ಇಲ್ಲ, ಮನೆಯ ತುಪ್ಪವೂ ಇಲ್ಲ. ಕರಿಬೇವು, ವೀಳ್ಯದೆಲೆ, ಮಾವಿನಹಣ್ಣಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ತೆಂಗಿನಕಾಯಿ, ಬಾಳೆಹಣ್ಣಿಗೆ ಬೇಡ! ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಎಷ್ಟು ಹಿಡಿಯುತ್ತದೋ ಅಷ್ಟು ತುಂಬಿಕೊಳ್ಳಿ. ಕರೆಂಟು ಇಲ್ಲೂ 230 ವೋಲ್ಟ್, 50 ಹರ್ಟ್ಜ್, ಆದ್ದರಿಂದ ಊರಿನ ಮಿಕ್ಸಿ ಚೆನ್ನಾಗಿ ಓಡುತ್ತದೆ, ಪ್ಲಗ್ಗಿಗೆ ಅಡಾಪ್ಟರ್ ಇದ್ದರಾಯಿತು. ಕುಕ್ಕರ್ ತರುವುದಾದರೆ ಇಂಡಕ್ಷನ್ ತಳ ಇರುವ ಸ್ಟೀಲಿನದ್ದೇ ತನ್ನಿ, ಅಲ್ಯೂಮಿನಿಯಂ ಇಂಡಕ್ಷನ್ ಒಲೆಯಲ್ಲಿ ಕಾಯುವುದಿಲ್ಲ. ಜೊತೆಗೆ ಎರಡು ಗ್ಯಾಸ್ಕೆಟ್. ಕಬ್ಬಿಣದ ದೋಸೆ ಕಾವಲಿಗೆ ಆ ತೊಂದರೆ ಇಲ್ಲ. ಬಿಪಿ, ಥೈರಾಯ್ಡ್ ಮಾತ್ರೆ ಇದ್ದರೆ ಮೂರು ತಿಂಗಳಿಗೆ ಆಗುವಷ್ಟು, ಡಾಕ್ಟರ ಚೀಟಿಯ ಸಮೇತ.

ವಿಮೆ, ಡಾಕ್ಟರು

ಆರೋಗ್ಯ ವಿಮೆ ಇಲ್ಲದೆ ಇಲ್ಲಿ ಇರುವಂತಿಲ್ಲ. ಸಂಬಳ ಒಂದು ಮಿತಿ ದಾಟಿದರೆ ಸರ್ಕಾರಿ ವ್ಯವಸ್ಥೆ ಬಿಟ್ಟು ಖಾಸಗಿ ವಿಮೆಗೆ ಹೋಗಬಹುದು. ಏಜೆಂಟರು ಹುಡುಕಿಕೊಂಡು ಬಂದು ಕಮ್ಮಿ ಕಂತು ತೋರಿಸುತ್ತಾರೆ. ಹರೆಯದಲ್ಲಿ ಅದು ಅಗ್ಗ, ನಿಜ. ಆದರೆ ಅಲ್ಲಿ ಹೆಂಡತಿಗೆ ಬೇರೆ ಕಂತು, ಒಂದೊಂದು ಮಗುವಿಗೂ ಬೇರೆ ಕಂತು. ಸರ್ಕಾರಿ ವಿಮೆಯಲ್ಲಿ ಸಂಪಾದನೆ ಇಲ್ಲದ ಸಂಗಾತಿ, ಮಕ್ಕಳು ನಿಮ್ಮ ಕಂತಿನಲ್ಲೇ ಸೇರುತ್ತಾರೆ. ಖಾಸಗಿಗೆ ಹೋದವರು ವಾಪಸ್ ಬರುವುದು ಕಷ್ಟ, ವಯಸ್ಸು 55 ದಾಟಿದರಂತೂ ಹೆಚ್ಚುಕಮ್ಮಿ ಸಾಧ್ಯವೇ ಇಲ್ಲ. ಸಂಸಾರಸ್ಥರಿಗೆ ನನ್ನ ಮಾತು ಒಂದೇ, ಸರ್ಕಾರಿಯಲ್ಲೇ ಇರಿ.

ತುರ್ತಿಗೆ 112. ರಾತ್ರಿ ಹೊತ್ತು ಮಗುವಿಗೆ ಜ್ವರ, ಆದರೆ ಪ್ರಾಣಾಪಾಯ ಅಲ್ಲ ಅನ್ನುವಂಥದ್ದಕ್ಕೆ 116117. ಎರಡನ್ನೂ ಫೋನಿನಲ್ಲಿ ಸೇವ್ ಮಾಡಿ. ಜ್ವರ ಬರುವವರೆಗೆ ಕಾಯದೆ ಮನೆಯ ಹತ್ತಿರ ಒಬ್ಬ ಡಾಕ್ಟರನ್ನು ಗೊತ್ತು ಮಾಡಿಕೊಳ್ಳಿ, ಎಷ್ಟೋ ಕ್ಲಿನಿಕ್ಕುಗಳು ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದಿಲ್ಲ.

ಜೊತೆಗೆ ಬರುವವರು

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಕೆಲಸಕ್ಕೆ ಬಂದವರಿಗೆ ಆಫೀಸು ಇರುತ್ತದೆ, ಮಾತಾಡೋಕೆ ಜನ ಇರುತ್ತಾರೆ. ಊರಲ್ಲಿ ಒಳ್ಳೆಯ ಕೆಲಸ ಬಿಟ್ಟು ಜೊತೆಗೆ ಬಂದ ಹೆಂಡತಿ ಅಥವಾ ಗಂಡ ಹಗಲೆಲ್ಲ ಒಬ್ಬರೇ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಮೊದಲ ಚಳಿಗಾಲದಲ್ಲಿ ಕುಗ್ಗಿಹೋದ ಎಷ್ಟೋ ಜನರನ್ನು ನೋಡಿದ್ದೇವೆ. ಆಗುವುದಾದರೆ ಕುಟುಂಬವನ್ನು ಏಪ್ರಿಲ್, ಮೇ ಹೊತ್ತಿಗೆ ಕರೆಸಿಕೊಳ್ಳಿ. ಬೇಸಿಗೆಯಲ್ಲಿ ಊರು ಪರಿಚಯವಾಗುತ್ತದೆ, ಅಕ್ಕಪಕ್ಕದವರ ಮುಖ ಗೊತ್ತಾಗುತ್ತದೆ.

ಬ್ಲೂ ಕಾರ್ಡ್ (ಹೆಚ್ಚು ಓದಿದ ಹೊರದೇಶದ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಇರುವವರ ಸಂಗಾತಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಬೇಕಿಲ್ಲ. ಬಂದ ಮೇಲೆ ಯಾವ ಕೆಲಸಕ್ಕಾದರೂ ಸೇರಬಹುದು. ಆದರೂ ಭಾಷೆ ಕಲಿಯಲೇಬೇಕು. ಹೆಚ್ಚಿನ ಊರುಗಳಲ್ಲಿ ಇರುವ ಫೋಲ್ಕ್‌ಸ್‌ಹೋಖ್‌ಶೂಲೆ ಅನ್ನುವ ದೊಡ್ಡವರ ಕಲಿಕಾ ಕೇಂದ್ರದಲ್ಲಿ ಕಮ್ಮಿ ಖರ್ಚಿಗೆ ತರಗತಿ ಸಿಗುತ್ತದೆ, ಸ್ನೇಹಿತರೂ ಸಿಗುತ್ತಾರೆ. ಬ್ಲೂ ಕಾರ್ಡಿನವರಿಗೆ ಎ1 ಮಟ್ಟದ (ಶುರುವಿನ) ಜರ್ಮನ್ ಇದ್ದರೆ 27 ತಿಂಗಳಿಗೆ, ಬಿ1 (ಮಧ್ಯಮ) ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ದಾರಿ ತೆರೆಯುತ್ತದೆ.

ಮಗು ಹುಟ್ಟಿದ ತಕ್ಷಣ ಶಿಶುವಿಹಾರಕ್ಕೆ ಹೆಸರು ಬರೆಸಿ, ಸೀಟು ಅಷ್ಟು ಕಷ್ಟ. ಶಾಲೆ ಶುರುವಾದ ಮೇಲೆ ಟಿಕೆಟ್ ಅಗ್ಗ ಇದೆ ಅಂತ, ಇಲ್ಲವೇ ದಸರಾಕ್ಕೆ ಅಂತ ರಜೆ ಇಲ್ಲದ ವಾರದಲ್ಲಿ ಮಗುವನ್ನು ಕರೆದುಕೊಂಡು ಹೊರಡುವಂತಿಲ್ಲ. ದಂಡ ಬೀಳುತ್ತದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ವಿಮಾನ ನಿಲ್ದಾಣದಲ್ಲೇ ಪೊಲೀಸರು ವಿಚಾರಿಸಿದ್ದೂ ಉಂಟು. ರಜೆಯ ಪಟ್ಟಿ ನೋಡಿಯೇ ಊರಿನ ಗೃಹಪ್ರವೇಶಕ್ಕೆ, ಮುಂಜಿಗೆ ಬರುತ್ತೇವೆ ಅಂತ ಮಾತು ಕೊಡಿ.

ಇನ್ನು ಬಿಡಿ ವಿಷಯಗಳು. ಊರಿನ ಡ್ರೈವಿಂಗ್ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ ತನ್ನಿ. ಆಮೇಲೆ ಬರವಣಿಗೆ, ಓಡಿಸುವುದು ಎರಡೂ ಪರೀಕ್ಷೆ ಪಾಸಾಗಬೇಕು. ಕಾರಿಗೆ ಅವಸರ ಬೇಡ. 2026ರಿಂದ ತಿಂಗಳಿಗೆ 63 ಯೂರೋ ಕೊಟ್ಟರೆ ಡಾಯ್ಚ್‌ಲಾಂಡ್ ಟಿಕೆಟ್ಟಿನಲ್ಲಿ ದೇಶದ ಎಲ್ಲ ಸಿಟಿ ಬಸ್ಸು, ಟ್ರಾಮು, ಮೆಟ್ರೋ, ಲೋಕಲ್ ರೈಲು ಹತ್ತಬಹುದು. ಟಿವಿ ಇರಲಿ ಬಿಡಲಿ, ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕದ ಪತ್ರ ಬರುತ್ತದೆ. ಅದು ಮೋಸ ಅಲ್ಲ, ಕಟ್ಟಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಲು ಮೊಸರು ಶನಿವಾರವೇ ತಂದಿಡಿ. ಭಾನುವಾರ ಗೋಡೆಗೆ ಡ್ರಿಲ್ ಹಾಕಬೇಡಿ, ರಾತ್ರಿ ಹತ್ತರ ಮೇಲೆ ಮಿಕ್ಸಿ ಓಡಿಸಬೇಡಿ.

ಕೊನೆಗೆ ಅಪ್ಪ ಅಮ್ಮ. ನೋಡಿಕೊಂಡು ಹೋಗೋಕೆ ಬರುವುದಾದರೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಪ್ರವಾಸಿ ವೀಸಾ), 180 ದಿನದಲ್ಲಿ 90 ದಿನ ಇರಬಹುದು. ಕಮ್ಮಿ ಅಂದರೂ 30,000 ಯೂರೋ ಕವರ್ ಇರುವ ಪ್ರಯಾಣ ವಿಮೆ ಬೇಕು. ಅವರಿಗೆ ಮೊದಲೇ ಇರುವ ಕಾಯಿಲೆ ಅದರಲ್ಲಿ ಸೇರುತ್ತದೋ ಇಲ್ಲವೋ ಓದಿಯೇ ಕೊಳ್ಳಿ. ಮೇ, ಜೂನ್‌ನಲ್ಲಿ ಕರೆಸಿ, ಓಡಾಡೋಕೆ ಚೆನ್ನ. ಕಾಯಂ ಆಗಿ ಕರೆಸಿಕೊಳ್ಳುವ ದಾರಿಯೂ ಈಗ ಇದೆ. 2024ರ ಮಾರ್ಚ್ 1ರಂದು ಅಥವಾ ಆಮೇಲೆ ಮೊದಲ ಸಲ ಬ್ಲೂ ಕಾರ್ಡಿನಂಥ ಪರವಾನಗಿ ಪಡೆದವರು ತಂದೆ ತಾಯಿಗೆ ಅರ್ಜಿ ಹಾಕಬಹುದು. ತೊಡಕು ಇರುವುದು ವಿಮೆಯಲ್ಲಿ. ನಿಮ್ಮ ಸರ್ಕಾರಿ ವಿಮೆಯಲ್ಲಿ ಅಪ್ಪ ಅಮ್ಮ ಸೇರುವುದಿಲ್ಲ, ವಯಸ್ಸಾದವರಿಗೆ ಖಾಸಗಿ ವಿಮೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಹಾಗಾಗಿ ಅವರಿಗೆ ಆಸೆ ಹುಟ್ಟಿಸುವ ಮುಂಚೆ ವಿಮೆಯ ಬೆಲೆ ಬರಹದಲ್ಲಿ ತರಿಸಿಕೊಳ್ಳಿ. ಅಲ್ಲಿಯವರೆಗೆ ಊರಿನಲ್ಲೇ ಅವರ ವಿಮೆಯ ಕಂತು ತಪ್ಪದೆ ಕಟ್ಟಿ. ಆಸ್ಪತ್ರೆ ಫೈಲು, ಪಾಲಿಸಿ ನಂಬರು, ರಾತ್ರಿ ಹೊತ್ತಲ್ಲಿ ಕರೆದರೆ ಬರುವ ಪಕ್ಕದ ಮನೆಯವರ ಫೋನು, ಇವು ನಿಮ್ಮ ಹತ್ತಿರವೂ ಇರಲಿ, ಊರಲ್ಲಿರುವ ಅಣ್ಣನೋ ಚಿಕ್ಕಮ್ಮನೋ ಯಾರಾದರೂ ಒಬ್ಬರ ಹತ್ತಿರವೂ ಇರಲಿ.