ಹಳೆಯ ರೈಫಲ್ ಮತ್ತು ಕಯೋಟಿ ಬೇಟೆ: ಅಮೆರಿಕದ ನೆಬ್ರಾಸ್ಕಾ ರಾಜ್ಯದ ಮರಳುದಿಬ್ಬಗಳಲ್ಲಿ ನನ್ನ ಅನುಭವ

ತೋಳಕ್ಕಿಂತ ಚಿಕ್ಕದಾದ, ನಾಯಿಯ ಕುಲದ ಅಮೆರಿಕದ ಕಾಡುಪ್ರಾಣಿ ಕಯೋಟಿಯ ಬೇಟೆಗೆಂದು ಈಗ ಅಂಗಡಿಗಳಲ್ಲಿ ದೊರೆಯುವ ರೈಫಲ್‌ಗಳು ಹಗುರವಾಗಿವೆ, ಹಿಮಕ್ಕೂ ಮಳೆಗೂ ಜಗ್ಗದ ಪ್ಲಾಸ್ಟಿಕ್ ಹಿಡಿಯನ್ನು ಹೊಂದಿವೆ, ಕತ್ತಲಲ್ಲಿ ಪ್ರಾಣಿಯ ಮೈಶಾಖವನ್ನು ತೋರಿಸುವ ದುರ್ಬೀನುಗಳನ್ನು ಕೂರಿಸಿಕೊಳ್ಳಲು ಸಿದ್ಧವಾಗಿಯೇ ಬರುತ್ತವೆ. ನಾನು ಬಳಸುವುದು ಮಾತ್ರ 1970ರ ದಶಕದ ಆರಂಭದಲ್ಲಿ ತಯಾರಾದ ರೆಮಿಂಗ್ಟನ್ 700 ವಾರ್ಮಿಂಟ್ ಸ್ಪೆಷಲ್. ಆಕ್ರೋಟು ಮರದ ಹಿಡಿ, 24 ಇಂಚಿನ ದಪ್ಪ ನಳಿಗೆ, ಆರು ಪಟ್ಟು ದೊಡ್ಡದಾಗಿ ತೋರಿಸುವ ಸಾಧಾರಣ ದುರ್ಬೀನು, ಎಲ್ಲ ಸೇರಿ ನಾಲ್ಕೂವರೆ ಕಿಲೋ ಮೀರುವ ಭಾರ. ಬೆಳೆಗೂ ಸಾಕುಪ್ರಾಣಿಗಳಿಗೂ ಕಾಟ ಕೊಡುವ ಸಣ್ಣ ಪ್ರಾಣಿಗಳನ್ನು ದೂರದಿಂದ ಕರಾರುವಾಕ್ಕಾಗಿ ಹೊಡೆಯಲೆಂದು ಅಮೆರಿಕದಲ್ಲಿ ರೂಪುಗೊಂಡ ವಾರ್ಮಿಂಟ್ ರೈಫಲ್‌ಗಳ ವರ್ಗಕ್ಕೆ ಅದು ಸೇರಿದೆ. ಈ ಕೋವಿ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದೇ ನನ್ನ ಬೇಟೆಯ ಕ್ರಮವನ್ನು ನಿರ್ಧರಿಸಿದೆ.

ಅದರ ತೋಟಾ .22-250 ರೆಮಿಂಗ್ಟನ್. ಹಳೆಯ .250 ಸ್ಯಾವೇಜ್ ತೋಟಾದ ಕುತ್ತಿಗೆಯನ್ನು ಕಿರಿದುಗೊಳಿಸಿ .22 ಗಾತ್ರದ ಗುಂಡನ್ನು ಕೂರಿಸುವ ಪ್ರಯೋಗವನ್ನು ಹಲವು ಹವ್ಯಾಸಿಗಳು ನಡೆಸಿದ್ದರು. 1930ರ ದಶಕದ ಕೊನೆಗೆ ಅದು ವಾರ್ಮಿಂಟರ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿತ್ತು. ರೆಮಿಂಗ್ಟನ್ ಕಂಪನಿ 1965ರಲ್ಲಿ ಅದನ್ನು ಕಾರ್ಖಾನೆಯ ತೋಟಾವಾಗಿ ಸ್ವೀಕರಿಸುವವರೆಗೆ ಅದನ್ನು ಬಯಸಿದವರು ತಾವೇ ತುಂಬಿಕೊಳ್ಳಬೇಕಿತ್ತು. ಕನ್ಸಾಸ್‌ನ ಬ್ರೂಸ್ ಹಾಡ್ಜ್‌ಡನ್ ತಮ್ಮ ಎಚ್380 ಎಂಬ ಸಿಡಿಪುಡಿಗೆ ಆ ಹೆಸರಿಟ್ಟದ್ದು ಇದೇ ತೋಟಾದಲ್ಲಿ 38 ಗ್ರೇನ್ (ಸುಮಾರು ಎರಡೂವರೆ ಗ್ರಾಂ) ಪುಡಿ ತಮಗೆ ಕೊಟ್ಟ ಉತ್ತಮ ಫಲಿತಾಂಶದ ನೆನಪಿಗೆ. ಇದರ 55 ಗ್ರೇನ್ ಗುಂಡು, ಅಂದರೆ ಮೂರೂವರೆ ಗ್ರಾಂನಷ್ಟು ತೂಕದ್ದು, ಸೆಕೆಂಡಿಗೆ ಸುಮಾರು 3,650 ಅಡಿ ವೇಗದಲ್ಲಿ ನಳಿಗೆಯನ್ನು ಬಿಡುತ್ತದೆ. 200 ಗಜಕ್ಕೆ ಗುರಿ ಕೂಡಿಸಿದರೆ 100 ಗಜದಲ್ಲಿ ಗುಂಡು ಒಂದು ಒಂದೂವರೆ ಇಂಚು ಮೇಲೆ, 300 ಗಜದಲ್ಲಿ ಆರೇಳು ಇಂಚು ಕೆಳಗೆ ಬೀಳುತ್ತದೆ. ಆದುದರಿಂದ 250 ಗಜದ ಒಳಗೆ ದೂರದ ಲೆಕ್ಕವನ್ನು ಹೆಚ್ಚು ಹಾಕದೆ ಎದೆಯ ಮೇಲೇ ಗುರಿಯಿಡಬಹುದು. ಗಾಳಿಯ ಲೆಕ್ಕ ಇಷ್ಟು ಸುಲಭವಲ್ಲ. ಗಂಟೆಗೆ ಹತ್ತು ಮೈಲಿ ವೇಗದ ಅಡ್ಡಗಾಳಿ 300 ಗಜದಲ್ಲಿ ಈ ಗುಂಡನ್ನು ಸುಮಾರು ಹತ್ತು ಇಂಚು ತಳ್ಳಿಬಿಡುತ್ತದೆ. ಕಯೋಟಿಯ ಮರ್ಮಸ್ಥಾನವೋ ಐದಾರು ಇಂಚಿನದು. ನೆಬ್ರಾಸ್ಕಾದಲ್ಲಿ ಗಾಳಿಯಿಲ್ಲದ ಚಳಿಗಾಲದ ದಿನಗಳು ವಿರಳ. ಹೀಗಾಗಿ 250 ಗಜಕ್ಕಿಂತ ದೂರದ ಪ್ರಾಣಿಗೆ ನಾನು ಈಡು ಹಾರಿಸುವುದಿಲ್ಲ.

ನಾನು ಹೋಗುವುದು ರಾಜ್ಯದ ಉತ್ತರ ಮತ್ತು ಮಧ್ಯಭಾಗದ ಸ್ಯಾಂಡ್‌ಹಿಲ್ಸ್ ಪ್ರದೇಶಕ್ಕೆ. ಸುಮಾರು 50,000 ಚದರ ಕಿಲೋಮೀಟರ್ ಹರಡಿರುವ ಈ ಮರಳುದಿಬ್ಬಗಳ ಮೇಲೆ ಹುಲ್ಲು ಬೇರೂರಿರುವುದರಿಂದ ಮರಳು ಅಲ್ಲಲ್ಲೇ ನಿಂತಿದೆ. ಉಳುಮೆಗೆ ಒಗ್ಗದ ನೆಲವಾದ್ದರಿಂದ ಇಲ್ಲಿ ನಡೆಯುವುದು ದನಸಾಕಣೆ. ಬಹುತೇಕ ಎಲ್ಲ ನೆಲವೂ ಖಾಸಗಿಯವರದು. ನೆಬ್ರಾಸ್ಕಾದ ನಿವಾಸಿಗಳಿಗೆ ಕಯೋಟಿ ಬೇಟೆಗೆ ಪರವಾನಗಿ ಬೇಕಿಲ್ಲ, ಋತುವಿನ ನಿರ್ಬಂಧವೂ ಇಲ್ಲ. ಆದರೆ ನೆಲದ ಒಡೆಯರ ಅನುಮತಿಯಿಲ್ಲದೆ ಬೇಲಿ ದಾಟುವಂತಿಲ್ಲ. ಬೇಸಗೆಯಲ್ಲೇ ಅವರ ಮನೆಗೆ ಹೋಗಿ, ಯಾವ ದಿನ ಬರುತ್ತೇನೆ, ಯಾವ ಗೇಟಿನಿಂದ ಒಳಗೆ ಬರುತ್ತೇನೆ, ದನಗಳು ಯಾವ ಕಾವಲಿನಲ್ಲಿ ಇರುತ್ತವೆ ಎಂಬುದನ್ನು ಮಾತಾಡಿಕೊಂಡು ಬರುತ್ತೇನೆ. ತೆರೆದಿದ್ದ ಗೇಟನ್ನು ತೆರೆದೇ ಬಿಡುವುದು, ಮುಚ್ಚಿದ್ದನ್ನು ಮುಚ್ಚುವುದು ಅಲ್ಲಿ ಗುರಿಕಾರಿಕೆಗಿಂತ ಹೆಚ್ಚು ಗೌರವ ತರುವ ಗುಣ.

ಇಲ್ಲಿರುವ ಕನ್ನಡಿಗರಿಗೆ ಒಂದು ಮಾತು ಹೇಳಬೇಕು. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಅಥವಾ ತೋಟಾ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಹೊಂದಿರುವವರಿಗೆ ಅದರಲ್ಲಿ ವಿನಾಯಿತಿ ಇದೆಯಾದರೂ ವಕೀಲರನ್ನು ಕೇಳದೆ ಅದನ್ನು ನೆಚ್ಚಬಾರದು. ನಾನು ಈ ರೈಫಲ್ ಕೊಂಡದ್ದು ಗ್ರೀನ್ ಕಾರ್ಡ್ ಬಂದ ಮೇಲೆ, ಪರವಾನಗಿ ಪಡೆದ ಅಂಗಡಿಯಲ್ಲಿ, 4473 ಸಂಖ್ಯೆಯ ನಮೂನೆ ತುಂಬಿ, ಹಿನ್ನೆಲೆ ತಪಾಸಣೆ ಮುಗಿದ ನಂತರ. ಮಲೆನಾಡಿನ ನಮ್ಮ ಹಿರಿಯರು ಮರಸು ಕೂರುತ್ತಿದ್ದ ಕಾಲದ ಮಾತುಗಳನ್ನು ಬಾಲ್ಯದಲ್ಲಿ ಕೇಳಿ ಬೆಳೆದಿದ್ದರೂ ಕೋವಿ ಹಿಡಿದದ್ದು ಇಲ್ಲಿಗೆ ಬಂದ ಮೇಲೆಯೇ. ಊರಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನರಿಯನ್ನೂ ಹೊಡೆಯುವಂತಿಲ್ಲ, ಅದು ಸರಿಯೇ.

ಹಳೆಯ ಕೋವಿಯನ್ನು ಕೊಂಡ ಹಾಗೆಯೇ ಕಾಡಿಗೆ ಒಯ್ಯಬಾರದು. 1982ಕ್ಕೆ ಮೊದಲಿನ ಈ ಮಾದರಿಗಳಲ್ಲಿ ಗುಂಡು ಅಕಸ್ಮಾತ್ ಹಾರದಂತೆ ತಡೆಯುವ ಸೇಫ್ಟಿಯನ್ನು ಹಾಕಿದಾಗ, ತೋಟಾವನ್ನು ಒಳಗೆ ತಳ್ಳಿ ಹೊರಗೆ ಎಳೆಯುವ ಬೋಲ್ಟ್ ಬಿಗಿದುಕೊಳ್ಳುತ್ತದೆ. ಆದುದರಿಂದ ತೋಟಾವನ್ನು ಹೊರತೆಗೆಯಬೇಕಾದರೆ ಮೊದಲು ಸೇಫ್ಟಿಯನ್ನು ಬಿಡಿಸಲೇಬೇಕು. ನಳಿಗೆಯ ಬಾಯಿ ಮರಳಿನ ಇಳಿಜಾರಿನ ಕಡೆಗೆ ಇರುವುದನ್ನು ಖಚಿತಪಡಿಸಿಕೊಳ್ಳದೆ ನಾನು ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಈ ಕಾಲದ ಮೂಲ ಟ್ರಿಗರ್ ಬಗ್ಗೆ ಅಮೆರಿಕದ ನ್ಯಾಯಾಲಯಗಳಲ್ಲಿ ದೀರ್ಘ ವ್ಯಾಜ್ಯಗಳು ನಡೆದಿರುವುದರಿಂದ ಬಂದೂಕು ದುರಸ್ತಿಯ ಪರಿಣತರೊಬ್ಬರಿಂದ ಅದನ್ನು ಬದಲಾಯಿಸಿಕೊಂಡೆ. ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕೆನ್ನುವ ಸಂಗ್ರಾಹಕರು ಇದಕ್ಕೆ ಮೂಗು ಮುರಿಯುತ್ತಾರೆ; ಅವರ ಕೋವಿಗಳು ಗಾಜಿನ ಬೀರುವಿನಲ್ಲಿರುತ್ತವೆ.

ಕೂರುವ ಜಾಗದ ಆಯ್ಕೆಯಲ್ಲಿಯೇ ಬೇಟೆಯ ಬಹುಭಾಗ ಮುಗಿದಿರುತ್ತದೆ. ಕರೆಯಲೆಂದು ನಾವು ಅನುಕರಿಸುವ ಮೊಲದ ಚೀತ್ಕಾರವನ್ನು ಕೇಳಿದ ಕಯೋಟಿ ಸಾಮಾನ್ಯವಾಗಿ ನೇರವಾಗಿ ಬರುವುದಿಲ್ಲ. ಬಳಸಿಕೊಂಡು ಗಾಳಿ ಬೀಸಿ ಹೋಗುವ ದಿಕ್ಕಿಗೆ ಬಂದು, ಅಲ್ಲಿ ಮೂಗೆತ್ತಿ ವಾಸನೆ ಹಿಡಿದು, ಆಮೇಲೆ ಮುಂದಿನ ತೀರ್ಮಾನ ಮಾಡುತ್ತದೆ. ಹಾಗಾಗಿ ಅದು ಬಳಸಿ ಬರುವ ದಾರಿ ನನಗೆ ಕಾಣುವಂಥ ಬಯಲಾಗಿರಬೇಕು. ಗಾಳಿ ನನ್ನ ಎಡದಿಂದ ಬಲಕ್ಕೆ ಅಥವಾ ಬಲದಿಂದ ಎಡಕ್ಕೆ ಹಾಯುವಂತೆ ಕುಳಿತು, ಗಾಳಿ ಹಾಯುವ ಬದಿಯಲ್ಲಿ ಇನ್ನೂರು ಗಜ ತೆರೆದ ಹುಲ್ಲುನೆಲ ಇರುವಂತೆ ನೋಡಿಕೊಳ್ಳುತ್ತೇನೆ. ದಿಬ್ಬದ ನೆತ್ತಿಯ ಮೇಲೆ ಎಂದೂ ಕೂರುವುದಿಲ್ಲ. ನೆತ್ತಿಯಿಂದ ಸ್ವಲ್ಪ ಕೆಳಗೆ, ಯುಕ್ಕಾ ಪೊದೆಗೆ ಬೆನ್ನು ಕೊಟ್ಟು, ಸಾಧ್ಯವಾದರೆ ಸೂರ್ಯ ಬೆನ್ನ ಹಿಂದಿರುವಂತೆ ಕೂರುತ್ತೇನೆ. ವಾಹನವನ್ನು ಇನ್ನೊಂದು ದಿಬ್ಬದ ಮರೆಯಲ್ಲಿ ಬಿಟ್ಟು, ಬಾಗಿಲನ್ನು ಬಡಿಯದೆ ಒತ್ತಿ ಮುಚ್ಚಿ ನಡೆದು ಬರಬೇಕು. ಭಾರದ ರೈಫಲ್ಲನ್ನು ನಿಂತು ಅತ್ತಿತ್ತ ತಿರುಗಿಸಿ ಹೊಡೆಯುವುದು ನನ್ನಿಂದಾಗದು. ಮೊಣಕಾಲುಗಳನ್ನೆತ್ತಿ ಕುಳಿತು, ಕವೆಗೋಲಿನ ಮೇಲೆ ನಳಿಗೆಯ ಕೆಳಗಿನ ಮರವನ್ನು ಇರಿಸಿ, ಪ್ರಾಣಿ ಬರುವ ಸಾಧ್ಯತೆ ಹೆಚ್ಚಿರುವ ದಿಕ್ಕಿಗೆ ಮೊದಲೇ ತಿರುಗಿಸಿಟ್ಟುಕೊಂಡಿರುತ್ತೇನೆ. ಒಮ್ಮೆ ಹೀಗೆ ನೆಲೆಗೊಂಡರೆ ಅದೇ ಭಾರ ಅನುಕೂಲವಾಗುತ್ತದೆ. ಎದೆ ಬಡಿತಕ್ಕೆ ಹಗುರ ಕೋವಿ ನಡುಗುವಷ್ಟು ಇದು ನಡುಗುವುದಿಲ್ಲ.

ಕರೆಯಲು ಬ್ಯಾಟರಿಯ ಧ್ವನಿಯಂತ್ರಗಳಿವೆ, ಆದರೆ ನಾನು ಹೆಚ್ಚಾಗಿ ಬಾಯಿಪೀಪಿಯನ್ನೇ ಊದುತ್ತೇನೆ. ಮೊದಲ ನಿಮಿಷ ಮೆಲುದನಿಯಲ್ಲಿ, ಏಕೆಂದರೆ ಪ್ರಾಣಿ ಪಕ್ಕದ ಕಣಿವೆಯಲ್ಲೇ ಮಲಗಿರಬಹುದು. ನಂತರ ಜೋರಾಗಿ, ನಡುನಡುವೆ ದೀರ್ಘ ಮೌನ ಬಿಟ್ಟು. ಜನವರಿಯಿಂದ ಮಾರ್ಚ್‌ವರೆಗೆ ಅವುಗಳ ಕೂಡುವ ಕಾಲ. ಆಗ ಮೊಲದ ಕೂಗಿಗಿಂತ ಕಯೋಟಿಯದೇ ಒಂಟಿ ಊಳು ಹೆಚ್ಚು ಫಲ ಕೊಡುತ್ತದೆ. ಇಪ್ಪತ್ತು ನಿಮಿಷ ಕೂತು ಏನೂ ಬಾರದಿದ್ದರೆ ಎದ್ದು, ಒಂದು ಮೈಲಿಯಾದರೂ ದೂರದ ಇನ್ನೊಂದು ಜಾಗಕ್ಕೆ ಹೋಗುತ್ತೇನೆ. ಬೆಳಗಿನ ಮೊದಲ ಎರಡು ಗಂಟೆ ಮತ್ತು ಸಂಜೆಯ ಕೊನೆಯ ಗಂಟೆಯನ್ನು ಬಿಟ್ಟರೆ ಉಳಿದ ಹೊತ್ತಿನ ಮೇಲೆ ನನಗೆ ನಂಬಿಕೆ ಕಡಿಮೆ.

ಬಂದ ಪ್ರಾಣಿ ಕಯೋಟಿಯೇ ಎಂಬುದನ್ನು ಕೈದುರ್ಬೀನಿನಿಂದ ನೋಡಿ ತಿಳಿಯಬೇಕೇ ಹೊರತು ರೈಫಲ್ಲಿನ ದುರ್ಬೀನಿನಿಂದಲ್ಲ, ಏಕೆಂದರೆ ಅದು ತಿರುಗಿದೆಡೆಗೆಲ್ಲ ನಳಿಗೆಯೂ ತಿರುಗುತ್ತದೆ. ಪಶ್ಚಿಮ ನೆಬ್ರಾಸ್ಕಾದಲ್ಲಿರುವ ಸ್ವಿಫ್ಟ್ ಫಾಕ್ಸ್ ಎಂಬ ಪುಟ್ಟ ನರಿ ರಾಜ್ಯದ ಅಳಿವಿನಂಚಿನ ಪಟ್ಟಿಯಲ್ಲಿದೆ. ಎರಡು ಮೂರು ಕಿಲೋ ತೂಗುವ ಅದರ ಬಾಲದ ತುದಿ ಕಪ್ಪು. ಕಯೋಟಿಯ ಬಾಲದ ತುದಿಯೂ ಕಪ್ಪಾಗಿರುವುದರಿಂದ ಬಣ್ಣವೊಂದನ್ನೇ ನಂಬಿದರೆ ಅನಾಹುತವಾದೀತು. ಹತ್ತು ಹದಿನೈದು ಕಿಲೋ ತೂಗುವ ದೇಹ, ಉದ್ದ ಕಾಲು, ಓಡುವಾಗ ತಗ್ಗಿಸಿದ ಬಾಲ, ಇವೆಲ್ಲ ಒಟ್ಟಿಗೆ ಕಾಣಬೇಕು. ದನಗಾರರ ನಾಯಿಯೂ ಆ ಬಯಲಿನಲ್ಲೇ ಓಡಾಡುತ್ತಿರುತ್ತದೆ. ಗುರುತು ಸಿಕ್ಕ ಮೇಲೆ, ಓಡುತ್ತಿರುವ ಪ್ರಾಣಿಯನ್ನು ಬಾಯಲ್ಲೇ ಒಂದು ಗಿಡ್ಡ ಬೊಗಳಿನಿಂದ ನಿಲ್ಲಿಸುತ್ತೇನೆ. ನಿಂತ ಆ ಎರಡು ಮೂರು ಸೆಕೆಂಡು, ಪಕ್ಕೆ ತೋರಿಸಿ ನಿಂತಿದ್ದರೆ, ಹಿಂದೆ ಮರಳಿನ ಇಳಿಜಾರಿದ್ದರೆ ಮಾತ್ರ ಬೆರಳು ಒತ್ತುತ್ತದೆ. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ಕಯೋಟಿಗೆ ಹೊಡೆಯಬಾರದು. ತಪ್ಪಿದ ಗುಂಡು ಎಲ್ಲಿ ಇಳಿಯುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ.

ಈ ಬೇಟೆಯಿಂದ ಕಯೋಟಿಗಳ ಸಂಖ್ಯೆ ಇಳಿಯುತ್ತದೆಂದು ನಾನು ವಾದಿಸುವುದಿಲ್ಲ. ಫೆಡರಲ್ ಸರ್ಕಾರದ ವೈಲ್ಡ್‌ಲೈಫ್ ಸರ್ವಿಸಸ್ ವಿಭಾಗವೇ ಪ್ರತಿ ವರ್ಷ ಹತ್ತಾರು ಸಾವಿರ ಕಯೋಟಿಗಳನ್ನು ಕೊಲ್ಲುತ್ತದೆ. ಆದರೂ ಹವಾಯಿಯನ್ನು ಬಿಟ್ಟು ಉಳಿದೆಲ್ಲ ರಾಜ್ಯಗಳಿಗೆ ಅವು ಹಬ್ಬಿವೆ. ದನಗಾರರು ನನ್ನಿಂದ ಬಯಸುವುದು ಅಷ್ಟು ದೊಡ್ಡದನ್ನಲ್ಲ: ಹಸುಗಳು ಕರು ಹಾಕುವ ಕಾವಲಿನ ಸುತ್ತ ಆ ಕೆಲವು ವಾರಗಳ ಮಟ್ಟಿಗೆ ಕಾಟ ತಪ್ಪಬೇಕು. ಕೊಂದ ಪ್ರಾಣಿಗಳ ಲೆಕ್ಕಕ್ಕೆ ಬಹುಮಾನ ಕೊಡುವ ಸ್ಪರ್ಧೆಗಳನ್ನು ಕ್ಯಾಲಿಫೋರ್ನಿಯಾ 2014ರಲ್ಲಿ, ನ್ಯೂ ಮೆಕ್ಸಿಕೋ 2019ರಲ್ಲಿ ನಿಷೇಧಿಸಿದವು. ಅದಕ್ಕೆ ನನ್ನ ಒಪ್ಪಿಗೆ ಇದೆ. ಡಿಸೆಂಬರ್ ಜನವರಿಗಳಲ್ಲಿ ದಟ್ಟವಾಗಿರುವ ತುಪ್ಪುಳನ್ನು ಕೆಡಿಸದೆ ಸುಲಿದು ಮಾರುತ್ತಿದ್ದೆ. ಚಳಿಕೋಟುಗಳ ಟೊಪ್ಪಿಗೆಗೆ ತುಪ್ಪುಳಿನ ಅಂಚು ಹೊಲಿಯುವ ದೊಡ್ಡ ಕಂಪನಿಗಳು ಹಿಂದೆ ಸರಿದ ಮೇಲೆ ಅದಕ್ಕೆ ಹಿಂದಿನ ಬೇಡಿಕೆ ಉಳಿದಿಲ್ಲ.

ಗುಂಡಿನ ಆಯ್ಕೆಯಲ್ಲಿ ಈ ಕೋವಿಯ ವಯಸ್ಸು ಕಾಣುತ್ತದೆ. ಅದರ ನಳಿಗೆಯೊಳಗಿನ ಸುರುಳಿಗೀರು 14 ಇಂಚಿಗೆ ಒಂದು ಸುತ್ತು ಹಾಕುತ್ತದೆ. ಇಷ್ಟು ನಿಧಾನದ ತಿರುಪು ಉದ್ದನೆಯ, ಭಾರದ ಗುಂಡುಗಳನ್ನು ನೆಟ್ಟಗೆ ಹಾರಿಸಲಾರದು. ಸತ್ತ ಪ್ರಾಣಿಯನ್ನು ಹದ್ದುಗಳು ತಿಂದಾಗ ಸೀಸದ ಚೂರುಗಳು ಅವುಗಳ ಹೊಟ್ಟೆ ಸೇರುತ್ತವೆಯೆಂಬ ಕಾರಣಕ್ಕೆ ನಾನು ತಾಮ್ರದ ಗುಂಡಿಗೆ ಬದಲಾಗಲು ಹೊರಟಾಗ ಈ ಮಿತಿ ಎದುರಾಯಿತು. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕದ ಗುಂಡು ಉದ್ದವಾಗುತ್ತದೆ, ಉದ್ದವಾದದ್ದು ಈ ನಳಿಗೆಯಲ್ಲಿ ಓಲಾಡುತ್ತದೆ. ಕೊನೆಗೆ ಗಿಡ್ಡದಾದ ಹಗುರ ತಾಮ್ರದ ಗುಂಡುಗಳಲ್ಲಿ ಒಂದು ಸರಿಹೊಂದಿತು. ಅದಕ್ಕೆ ಗಾಳಿಯ ಸೆಳೆತ ಇನ್ನಷ್ಟು ಹೆಚ್ಚು, ಹಾಗಾಗಿ ಅದನ್ನು ಹಾಕಿದ ದಿನ 200 ಗಜವೇ ನನ್ನ ಗಡಿ. ಇಷ್ಟು ವೇಗದ ತೋಟಾ ನಳಿಗೆಯ ಬುಡವನ್ನು ಬೇಗ ಸವೆಸುತ್ತದೆ ಎಂಬುದೂ ನಿಜ, ಆದರೆ ಪ್ರೇರಿ ನಾಯಿಗಳೆಂಬ, ಬಿಲದಲ್ಲಿ ಬದುಕುವ ಅಳಿಲಿನ ಕುಲದ ಪ್ರಾಣಿಗಳ ಮೇಲೆ ದಿನಕ್ಕೆ ನೂರಾರು ಗುಂಡು ಹಾರಿಸಿ ನಳಿಗೆಯನ್ನು ಕಾಯಿಸುವವರ ಕಷ್ಟ ಅದು. ಕಯೋಟಿ ಬೇಟೆಯಲ್ಲಿ ಬೆಳಗಿಗೆ ಒಂದೋ ಎರಡೋ ಈಡು, ಅದೂ ಕೊರೆಯುವ ಚಳಿಯಲ್ಲಿ. ಈ ನಳಿಗೆ ಸವೆದ ಮೇಲೆ ವೇಗದ ತಿರುಪಿನ ಹೊಸದನ್ನು ಹಾಕಿಸಲು ಗೆಳೆಯರು ಹೇಳುತ್ತಾರೆ. ತಾಮ್ರದ ಗುಂಡಿನ ಕಾರಣಕ್ಕೆ ನಾನು ಅದಕ್ಕೆ ಒಪ್ಪಿದ್ದೇನೆ, ಮರದ ಹಿಡಿಯನ್ನು ಮಾತ್ರ ಬದಲಾಯಿಸುವುದಿಲ್ಲ.